ರಾಯರ ಎಳ್ಳೆಣ್ಣೆ, ಲಂಡನ್ ಬಸ್ಸು, ದೊಡ್ಡಪ್ಪನ ವಾಕಿಂಗು

ಕೃಷ್ಣದೇವರಾಯ ಬೆಳಿಗ್ಗೆ ಎದ್ದು ಏನು ಮಾಡ್ತಿದ್ದ ಅನ್ನೋದು ನಮಗೆ ಸಾಕಷ್ಟು ವಿವರವಾಗಿಯೇ ಗೊತ್ತು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಡೊಮಿಂಗೊ ಪಾಯೆಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ಅದನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯೋ ಮುಂಚೆ ರಾಯ ಒಂದು ದೊಡ್ಡ ಲೋಟದಷ್ಟು ಎಳ್ಳೆಣ್ಣೆ ಕುಡೀತಿದ್ದ, ಮೈಗೂ ಅದನ್ನೇ ಹಚ್ಚಿಸಿಕೊಳ್ತಿದ್ದ. ಸೊಂಟಕ್ಕೆ ಸಣ್ಣ ಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತಿ, ಆಮೇಲೆ ಕತ್ತಿ ಹಿಡಿದು, ಆ ಎಣ್ಣೆಯೆಲ್ಲಾ ಬೆವರಾಗಿ ಇಳಿಯೋ ತನಕ ಸಾಮು ಮಾಡ್ತಿದ್ದ. ಅದಾದ ಮೇಲೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ. ಕುಸ್ತಿ ಮುಗಿದ ಮೇಲೆ ಕುದುರೆ ಹತ್ತಿ ಬಯಲಲ್ಲಿ ಓಟ. ಇಷ್ಟೂ ಆಗಿ ಸ್ನಾನಕ್ಕೆ ಹೋಗೋ ಹೊತ್ತಿಗೆ ಇನ್ನೂ ಬೆಳಗಾಗ್ತಾ ಇರ್ತಿತ್ತು.

ಆ 1520ರಲ್ಲೇ ಇದೇ ರಾಯ ವಿಜಯಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ನಮ್ಮ ರಾಯಚೂರು ಕೋಟೆ ತಗೊಂಡಿದ್ದು. ಹಾಗಾಗಿ ನಮ್ಮ ಕಡೆಯವರಿಗೆ ಈ ಎಳ್ಳೆಣ್ಣೆ ಕಥೆ ಸ್ವಲ್ಪ ಹತ್ತಿರದ್ದು. ಆದ್ರೆ ನಾನು ಇದನ್ನು ಹೇಳ್ತಿರೋದು ಎಣ್ಣೆಗಾಗಿ ಅಲ್ಲ (ದಯವಿಟ್ಟು ಯಾರೂ ಕುಡಿಯೋಕೆ ಹೋಗಬೇಡಿ). ಪಾಯೆಸ್ ಬರೆದಿರೋದರಲ್ಲಿ ರಾಯನ ಸಂಕಲ್ಪದ ಬಗ್ಗೆ, ಇಚ್ಛಾಶಕ್ತಿಯ ಬಗ್ಗೆ ಏನೂ ಇಲ್ಲ. ಇರೋದೆಲ್ಲಾ ಯಾವ ಹೊತ್ತಿಗೆ, ಯಾವುದಾದ ಮೇಲೆ ಯಾವುದು, ಯಾರ ಜೊತೆ ಅನ್ನೋದು. ಜಟ್ಟಿ ಬಂದು ಕಾಯ್ತಾ ನಿಂತಿರ್ತಾನೆ, ಕುದುರೆಗೆ ಜೀನು ಬಿಗಿದಿರುತ್ತೆ. ಇವತ್ತು ಮೈ ಯಾಕೋ ಭಾರ, ನಾಳೆ ನೋಡೋಣ ಅನ್ನೋಕೆ ರಾಯನಿಗೂ ಕಷ್ಟ.

ಈ ಸಣ್ಣ ವಿಷಯ ಪಶ್ಚಿಮದ ವಿಜ್ಞಾನಿಗಳಿಗೆ ಅಂಕಿಅಂಶ ಸಮೇತ ಸಿಗೋಕೆ 1965ರ ತನಕ ಬೇಕಾಯ್ತು. ಅಲ್ಲಿಗೆ ಹೋಗೋ ದಾರಿಯಲ್ಲಿ ಲಂಡನ್ನಿನ ಬಸ್ಸು, ಬೆಂಗಳೂರಿನ ಅಂಚೆ, ಅಮೆರಿಕದ ಎಕ್ಸ್‌ರೇ ವ್ಯಾನು ಎಲ್ಲಾ ಸಿಗುತ್ತವೆ.

ಮೊದಲು ಒಂದು ಮಾತು. ನಮ್ಮೂರು ದೇವಸುಗೂರು. ಕೃಷ್ಣಾ ಹೊಳೆ ದಂಡೆ ಮೇಲಿದೆ, ಸೂಗೂರೇಶ್ವರನ ಗುಡಿ ಇದೆ, ಪಕ್ಕದಲ್ಲೇ ಶಕ್ತಿನಗರದ ಥರ್ಮಲ್ ಪ್ಲಾಂಟ್. ನಮ್ಮ ಅಜ್ಜನ ಕಾಲದವರಿಗೆ ‘ವ್ಯಾಯಾಮ’ ಅನ್ನೋ ಪದವೇ ಬೇಕಿರಲಿಲ್ಲ. ಪದ ಇದ್ದಿದ್ದು ‘ಸಾಮು’, ‘ತಾಲೀಮು’. ಅದು ಗರಡಿ ಮನೆಗೆ ಹೋಗೋ ಹುಡುಗರದ್ದು: ದಂಡ, ಬೈಠಕ್, ಸಂಗ್ರಾಣಿ ಕಲ್ಲು. ಉಳಿದವರದ್ದು ಬರೀ ಬದುಕು. ಹೊಲಕ್ಕೆ ನಡೆದು ಹೋಗೋದು, ನೀರು ಹೊರೋದು, ಕಟಾವು, ಕಣ. ಇವತ್ತಿಗೂ ಕಟ್ಟುಮಸ್ತಾದ ಆಳನ್ನು ನೋಡಿ ‘ಗರಡಿ ಆಳು’ ಅಂತೀವಿ. ಗರಡಿ ಪರಂಪರೆ ಈ ಸೀಮೆಯಲ್ಲಿ ಬಹಳ ಹಳೇದು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಜಟ್ಟಿಗಳಿಗೇ ಒಂದು ಭಾಗ ಇಟ್ಟಿದ್ದಾನೆ. ಅವರ ದರ್ಜೆ, ಊಟ, ಪಟ್ಟು ಎಲ್ಲಾ ಅದರಲ್ಲಿದೆ. ಆದ್ರೆ ಗರಡಿಯನ್ನು ತೀರಾ ಹೊಗಳೋಕೂ ನನಗೆ ಮನಸ್ಸಿಲ್ಲ. ಹೆಂಗಸರಿಗೆ ಅಲ್ಲಿ ಪ್ರವೇಶ ಇರಲಿಲ್ಲ, ಎಷ್ಟೋ ಕಡೆ ಜಾತಿ ನೋಡಿಯೇ ಒಳಗೆ ಬಿಡ್ತಿದ್ರು. ನಲವತ್ತು ದಾಟಿ ಹೊಟ್ಟೆ ಬಂದ ಗುಮಾಸ್ತನಿಗಂತೂ ಅದು ಜಾಗವೇ ಅಲ್ಲ.

ಆ ಗುಮಾಸ್ತನಿಗಾಗಿ ಮೊದಲು ತಲೆ ಕೆಡಿಸಿಕೊಂಡವರಲ್ಲಿ ಒಬ್ಬರು ಕೆ.ವಿ. ಅಯ್ಯರ್. ಸಾಹಿತ್ಯ ಓದಿದವರಿಗೆ ಅವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕ, ಕೈಲಾಸಂ ಅವರ ಆಪ್ತ. ಆದ್ರೆ ಬೆಂಗಳೂರಲ್ಲಿ ಅವರ ಹೆಸರು ಮೊದಲು ಮಾಡಿದ್ದು ಮೈಕಟ್ಟಿನಿಂದ. ಯುಜೀನ್ ಸ್ಯಾಂಡೋ ಅನ್ನೋ ಯುರೋಪಿನ ಬಲಶಾಲಿ 1904–05ರಲ್ಲಿ ಭಾರತದ ತುಂಬಾ ಪ್ರದರ್ಶನ ಕೊಟ್ಟು ಹೋಗಿದ್ದ. ಅವನು ಎಬ್ಬಿಸಿದ ಆ ದೇಹದಾರ್ಢ್ಯದ ಗಾಳಿಯಲ್ಲಿ ಬೆಳೆದ ಅಯ್ಯರ್ ಬೆಂಗಳೂರಲ್ಲಿ ಹರ್ಕ್ಯುಲೀಸ್ ಜಿಮ್ನೇಷಿಯಂ ನಡೆಸಿದ್ರು, 1930ರಲ್ಲಿ ‘ಮಸಲ್ ಕಲ್ಟ್’ ಅಂತ ಇಂಗ್ಲಿಷ್ ಪುಸ್ತಕ ಬರೆದ್ರು. ಬಾರ್‌ಬೆಲ್, ಡಂಬ್‌ಬೆಲ್ ಜೊತೆಗೆ ಸೂರ್ಯನಮಸ್ಕಾರ, ಆಸನ ಸೇರಿಸಿ ತಮ್ಮದೇ ಪದ್ಧತಿ ಮಾಡಿಕೊಂಡಿದ್ರು. ಇದೇ ಹೊತ್ತಿಗೆ, 1933ರಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯ್ತು. ಅವರ ‘ಯೋಗ ಮಕರಂದ’ ಮರುವರ್ಷವೇ ಕನ್ನಡದಲ್ಲಿ ಬಂತು. ಅತ್ತ ಔಂಧ್ ಸಂಸ್ಥಾನದ ರಾಜ ತನ್ನ ಶಾಲೆಗಳಲ್ಲಿ ಸೂರ್ಯನಮಸ್ಕಾರ ಮಾಡಿಸ್ತಿದ್ದ. ಅಂದ್ರೆ 1930ರ ದಶಕದಲ್ಲಿ ಮೈಸೂರಿಂದ ಮಹಾರಾಷ್ಟ್ರದ ತನಕ ಒಂದೇ ಚಿಂತೆ ಹರಡಿತ್ತು: ಓದಿದವರು ಕುರ್ಚಿಗೆ ಅಂಟಿಕೊಂಡಿದ್ದಾರೆ, ಎಬ್ಬಿಸೋದು ಹೇಗೆ?

ಅಯ್ಯರ್ ಮಾಡಿದ್ದರಲ್ಲಿ ನನಗೆ ಹೆಚ್ಚು ಇಷ್ಟವಾಗೋದು ಅಂಚೆ ಮೂಲಕ ನಡೆಸಿದ ವ್ಯಾಯಾಮ ಶಾಲೆ. ದುಡ್ಡು ಕಟ್ಟಿದ್ರೆ ಪಾಠ ಮನೆಗೇ ಬರ್ತಿತ್ತು. ಇವತ್ತಿನ ಫಿಟ್‌ನೆಸ್ ಆ್ಯಪ್‌ನ ಮುತ್ತಜ್ಜ ಅನ್ನಬಹುದು. ಆ್ಯಪ್‌ಗಿರೋ ಕೊರತೆಯೇ ಅದಕ್ಕೂ ಇತ್ತು ಅನ್ಸುತ್ತೆ. ಪೋಸ್ಟ್‌ಮ್ಯಾನ್ ಪಾಠ ತಂದುಕೊಡ್ತಾನೆ ಸರಿ, ಬೆಳಿಗ್ಗೆ ಐದಕ್ಕೆ ಬಂದು ಎಬ್ಬಿಸೋನು ಯಾರು? ಜಿಮ್ನೇಷಿಯಂಗೆ ಬಂದವರಿಗೆ ಅಯ್ಯರ್ ಅವರ ಕಣ್ಣಿತ್ತು, ಪಕ್ಕದಲ್ಲಿ ದಂಡ ಹೊಡೆಯೋ ಗೆಳೆಯ ಇದ್ದ. ಲಕೋಟೆಯಲ್ಲಿ ಅವೆರಡೂ ಬರೋದಿಲ್ಲ.

ಇಷ್ಟಾದ್ರೂ, ಕೂತೇ ಇರೋದು ನಿಜಕ್ಕೂ ರೋಗ ತರುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಆಗಿನ್ನೂ ಯಾರ ಹತ್ರಾನೂ ಇರಲಿಲ್ಲ. ಆ ಪುರಾವೆ ಕೊಟ್ಟಿದ್ದು ಜೆರ್ರಿ ಮಾರಿಸ್ ಅನ್ನೋ ಡಾಕ್ಟರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹೃದಯಾಘಾತ ಒಂದು ಹೊಸ ಪಿಡುಗಿನ ಹಾಗೆ ಏರ್ತಿತ್ತು, ಕಾರಣ ಗೊತ್ತಿರಲಿಲ್ಲ. ಮಾರಿಸ್ ಲಂಡನ್ನಿನ ಬಸ್ಸು, ಟ್ರಾಮ್ ನೌಕರರ ದಾಖಲೆ ಹಿಡಿದು ಕೂತ್ರು: ಸುಮಾರು 31,000 ಗಂಡಸರು, 35ರಿಂದ 64 ವಯಸ್ಸಿನವರು. ಒಂದೇ ಡಬಲ್ ಡೆಕ್ಕರ್ ಬಸ್ಸು. ಡ್ರೈವರ್ ತನ್ನ ಪಾಳಿಯ ನೂರಕ್ಕೆ ತೊಂಬತ್ತು ಭಾಗ ಕೂತಿರ್ತಾನೆ. ಕಂಡಕ್ಟರ್ ಟಿಕೆಟ್ ಕೊಡೋಕೆ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿಳೀತಾನೆ. ಇಬ್ಬರದ್ದೂ ಒಂದೇ ಊರು, ಹೆಚ್ಚುಕಡಿಮೆ ಒಂದೇ ವರ್ಗ. ಹೃದಯದ ಕಾಯಿಲೆ ಮಾತ್ರ ಡ್ರೈವರಿಗೇ ಜಾಸ್ತಿ. ಬಂದರೆ ಬೇಗ ಪ್ರಾಣ ತೆಗೆಯೋದೂ ಡ್ರೈವರಿಗೇ. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಬಂತು. ಅಂಚೆಯವರಲ್ಲೂ ಇದೇ ಕಥೆ: ಕಾಗದ ಹಂಚೋರಿಗಿಂತ ಕೂತು ಕೆಲಸ ಮಾಡೋರ ಎದೆಗೇ ತೊಂದರೆ ಹೆಚ್ಚು.

ಮಾರಿಸ್ ಇಲ್ಲಿಗೇ ನಿಲ್ಲಿಸಲಿಲ್ಲ, ಅದಕ್ಕೇ ಅವರ ಮೇಲೆ ನನಗೆ ಗೌರವ. ದಪ್ಪ ಇರೋರೇ ಡ್ರೈವರ್ ಕೆಲಸ ಆರಿಸಿಕೊಳ್ತಾರೇನೋ ಅನ್ನೋ ಅನುಮಾನ ಬಂತು. ಉತ್ತರ ಹುಡುಕಿದ್ದು ದರ್ಜಿಯ ಲೆಕ್ಕದಲ್ಲಿ! ನೌಕರರಿಗೆ ಹೊಲಿಸಿಕೊಟ್ಟ ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೆ ತೆಗೆಸಿ ನೋಡಿದ್ರು. ಡ್ರೈವರುಗಳ ಸೊಂಟ ಎಲ್ಲಾ ವಯಸ್ಸಲ್ಲೂ ದೊಡ್ಡದು, ಚಿಕ್ಕ ವಯಸ್ಸಿನವರದ್ದೂ ಕೂಡ. ಅನುಮಾನ ಪೂರ್ತಿ ಸುಳ್ಳಲ್ಲ ಅಂತಾಯ್ತು. ತಮ್ಮ ವಾದಕ್ಕೆ ತೊಡಕಾಗೋ ಆ ಅಂಕಿಯನ್ನು 1956ರಲ್ಲಿ ತಾವೇ ಪ್ರಕಟಿಸಿದ್ರು. ಆಮೇಲೆ ದಿನವಿಡೀ ಮೇಜಿನ ಮುಂದೆ ಕೂರೋ ಸರ್ಕಾರಿ ಅಧಿಕಾರಿಗಳನ್ನು ಹಿಡಿದ್ರು. ಎಲ್ಲರದ್ದೂ ಕೂರೋ ಕೆಲಸವೇ, ಆದ್ರೆ ಬಿಡುವಲ್ಲಿ ಏನು ಮಾಡ್ತಾರೆ? ಬಿಡುವಿನಲ್ಲಿ ಮೈ ಬಗ್ಗಿಸಿ ಜೋರಾಗಿ ವ್ಯಾಯಾಮ ಮಾಡೋರಿಗೆ ಹೃದಯದ ಕಾಯಿಲೆ ಬರೋ ಸಂಭವ ಉಳಿದವರ ಮೂರನೇ ಒಂದು ಭಾಗದಷ್ಟೇ ಅಂತ 1973ರಲ್ಲಿ ಹೊರಬಂತು. ನಮ್ಮಂಥ ಐಟಿಯವರಿಗೆ ಬೇಕಾದ ಅಧ್ಯಯನ ಬಸ್ಸಿನದ್ದಲ್ಲ, ಇದು. ಮಾರಿಸ್ 2009ರಲ್ಲಿ, ನೂರು ತುಂಬೋಕೆ ಆರೇಳು ತಿಂಗಳಿರುವಾಗ, ತೀರಿಕೊಂಡ್ರು.

ಪುರಾವೆ ಸಿಕ್ತು. ಜನಕ್ಕೆ ಹೇಳಿದ್ರೆ ಮುಗೀತು, ಅಲ್ವಾ?

ಇಲ್ಲಿ ನಮ್ಮ ದೊಡ್ಡಪ್ಪ ಬರ್ತಾರೆ. ಹರೆಯದಲ್ಲಿ ಗುಂಡು ಎತ್ತಿದವರು, ಅರವತ್ತರ ತನಕ ಹೊಲದಲ್ಲಿ ದುಡಿದವರು. ಮೊಣಕಾಲು ಕೈಕೊಟ್ಟ ಮೇಲೆ ಹೊಲ ಲೀಸಿಗೆ ಹೋಯ್ತು, ಎತ್ತು ಮಾರಿದ್ರು, ಮನೆಗೆ ಟೀವಿ ಬಂತು, ಎರಡೇ ವರ್ಷಕ್ಕೆ ಶುಗರ್ ಬಂತು. ರಾಯಚೂರಿನ ಡಾಕ್ಟರು ದಿನಾ ಅರ್ಧ ತಾಸು ವಾಕಿಂಗ್ ಅಂತ ಬರೆದ್ರು. ಜೊತೆಗೆ ಕಾಲು ತೆಗೀಬೇಕಾಗುತ್ತೆ, ಕಿಡ್ನಿ ಹೋಗುತ್ತೆ ಅಂತ ಹೆದರಿಸಿಯೂ ಕಳಿಸಿದ್ರು. ದೊಡ್ಡಪ್ಪ ನಿಜಕ್ಕೂ ಹೆದರಿದ್ರು. ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ವಾಕಿಂಗೂ ಮಾಡಲಿಲ್ಲ.

ಯಾಕೆ ಅಂತ ಫೋನಲ್ಲಿ ಕೇಳಿದೆ. "ಕೆಲ್ಸ ಇಲ್ದ ಖಾಲಿ ಕೈಲಿ ತಿರಗ್ಯಾಡಿದ್ರ ಮಂದಿ ಏನಂತಾರೋ ತಮ್ಮಾ? ಎಲ್ಲಿಗ್ ಹೊಂಟೀರಿ ಅಂತ ಹತ್ತ್ ಮಂದಿ ಕೇಳ್ತಾರ. ಏನ್ ಹೇಳ್ಲಿ?"

ನಗಬೇಡಿ. ಊರಲ್ಲಿ ನಡಿಗೆಗೆ ಒಂದು ನೆಪ ಬೇಕು. ನಾವು ಚಿಕ್ಕವರಿದ್ದಾಗ ಶಕ್ತಿನಗರದ ಕ್ವಾರ್ಟರ್ಸಿನ ಸಾಹೇಬ್ರು ಸಂಜೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಕೈ ಬೀಸ್ತಾ ಹೋಗೋದನ್ನು ನೋಡಿ ಊರಿನ ಹುಡುಗರೆಲ್ಲಾ ಅವರ ಹಾಗೇ ಅಣಕಿಸಿ ನಡೀತಿದ್ವಿ. ಆ ಪ್ಲಾಂಟಿನ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಸುಮ್ಮನೆ ನಡೆಯೋದು ಅನ್ನೋ ಪದ್ಧತಿ ನಮ್ಮ ಸೀಮೆಗೆ ಬಂದಿದ್ದೂ ಹೆಚ್ಚುಕಡಿಮೆ ಕರೆಂಟಿನ ಜೊತೆಗೇ ಅನ್ನಬಹುದು. ಅದೇ ದೊಡ್ಡಪ್ಪ ಯುಗಾದಿ ಹೊತ್ತಿಗೆ ಶ್ರೀಶೈಲದ ಪಾದಯಾತ್ರೆಗೆ ಎರಡು ಸಲ ಹೋಗಿ ಬಂದವರು! ವಿಜಯಪುರ, ಬಾಗಲಕೋಟೆ ಕಡೆಯಿಂದ ಸಾವಿರಾರು ಜನ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಮಲ್ಲಯ್ಯನ ಹೆಸರು ಹೇಳ್ತಾ ನಡೀತಾರೆ. ಕೆಲವರು ಮರಗಾಲು ಕಟ್ಟಿಕೊಂಡೂ ಹೋಗ್ತಾರೆ. ದಾರಿಯುದ್ದಕ್ಕೂ ಊರವರು ರೊಟ್ಟಿ, ಮಜ್ಜಿಗೆ ಕೊಡ್ತಾರೆ. ಅಂಗಡಿಗೆ ಬೈಕ್ ಇಲ್ಲದೆ ಹೋಗದ ಹುಡುಗ ಅಲ್ಲಿ ದಿನಗಟ್ಟಲೆ ನಡೀತಾನೆ. ಕಾಲು ಅವೇ. ಎಲ್ಲಿಗೆ ಹೊಂಟಿ ಅಂತ ಕೇಳಿದ್ರೆ ಹೇಳೋಕೆ ಉತ್ತರ ಇದೆ, ಅಷ್ಟೇ ವ್ಯತ್ಯಾಸ.

ದೊಡ್ಡಪ್ಪನ ಈ ಕಷ್ಟಕ್ಕೆ ಪುಸ್ತಕದಲ್ಲಿ ಹೆಸರಿದೆ. ಹೆಲ್ತ್ ಬಿಹೇವಿಯರ್ ಥಿಯರಿ ಅನ್ನೋ ಇಡೀ ಶಾಸ್ತ್ರ ಹುಟ್ಟಿದ್ದೇ ‘ಹೇಳಿದ್ರೂ ಜನ ಯಾಕೆ ಮಾಡಲ್ಲ’ ಅನ್ನೋ ಪ್ರಶ್ನೆಯಿಂದ. 1950ರ ದಶಕದಲ್ಲಿ ಅಮೆರಿಕದ ಸರ್ಕಾರ ಕ್ಷಯ ಪತ್ತೆ ಹಚ್ಚೋಕೆ ಎಕ್ಸ್‌ರೇ ವ್ಯಾನುಗಳನ್ನು ಓಣಿ ಓಣಿಗೂ ಕಳಿಸ್ತು. ಪುಕ್ಕಟೆ. ಮನೆ ಹತ್ತಿರವೇ. ಆದ್ರೂ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಗಾಡ್‌ಫ್ರಿ ಹಾಕ್‌ಬಾಮ್ ಅನ್ನೋ ಮನಶ್ಶಾಸ್ತ್ರಜ್ಞ ಮೂರು ನಗರಗಳಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ 1958ರಲ್ಲಿ ವರದಿ ಕೊಟ್ಟ. ತನಗೂ ಕ್ಷಯ ಬರಬಹುದು, ಎಕ್ಸ್‌ರೇ ತೆಗೆಸಿದ್ರೆ ಲಾಭ ಇದೆ ಅಂತ ಎರಡನ್ನೂ ನಂಬಿದವರಲ್ಲಿ ನೂರಕ್ಕೆ 82 ಜನ ತಾವಾಗಿ ಎಕ್ಸ್‌ರೇ ತೆಗೆಸಿದ್ರು. ಎರಡನ್ನೂ ನಂಬದವರಲ್ಲಿ 21 ಮಾತ್ರ. ಹಾಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್ ಮತ್ತು ಅವರ ಸಂಗಡಿಗರು ಇದನ್ನೇ ಬೆಳೆಸಿ ‘ಹೆಲ್ತ್ ಬಿಲೀಫ್ ಮಾಡೆಲ್’ ಅಂದ್ರು. ಸಿಗರೇಟ್ ಪ್ಯಾಕಿನ ಮೇಲಿನ ಭಯಾನಕ ಚಿತ್ರ, ಆಸ್ಪತ್ರೆ ಗೋಡೆ ಮೇಲಿನ ಕಾಲಿಲ್ಲದವನ ಪೋಸ್ಟರ್, ನಮ್ಮ ಡಾಕ್ಟರು ಹೆದರಿಸಿದ್ದು, ಇವೆಲ್ಲಾ ಇದೇ ತರ್ಕದ ಹತ್ತಿರದ ನೆಂಟರು: ನಂಬಿಕೆ ಬದಲಾದ್ರೆ ನಡತೆ ಬದಲಾಗುತ್ತೆ.

ಆದ್ರೆ ದೊಡ್ಡಪ್ಪ ಎರಡನ್ನೂ ನಂಬಿದ್ದರಲ್ಲ! ಎಕ್ಸ್‌ರೇಗೂ ವಾಕಿಂಗಿಗೂ ಇರೋ ದೊಡ್ಡ ಫರಕು ಅದು. ಎಕ್ಸ್‌ರೇ ಒಂದು ಸಲ ತೆಗೆಸಿದ್ರೆ ಮುಗೀತು. ನಡಿಗೆಯನ್ನು ನಾಳೆಯೂ ಮಾಡಬೇಕು, ನಾಡಿದ್ದೂ ಮಾಡಬೇಕು, ಹಬ್ಬದ ದಿನವೂ ಮಾಡಬೇಕು. ಭಯ ಅಷ್ಟು ದಿನ ಬಾಳಿಕೆ ಬರೋದಿಲ್ಲ. ‘ಮಂದಿ ಏನಂತಾರ’ ಅನ್ನೋದನ್ನು ಸಿದ್ಧಾಂತದೊಳಗೆ ತಂದವರು ಮಾರ್ಟಿನ್ ಫಿಶ್‌ಬೈನ್ ಮತ್ತು ಐಸೆಕ್ ಐಜೆನ್, 1975ರ ಹೊತ್ತಿಗೆ. ಮನುಷ್ಯ ಏನನ್ನಾದರೂ ಮಾಡೋಕೆ ಮನಸ್ಸು ಮಾಡೋದು ತನ್ನ ಅಭಿಪ್ರಾಯದಿಂದಷ್ಟೇ ಅಲ್ಲ, ತನಗೆ ಬೇಕಾದವರು ಏನಂದುಕೊಳ್ತಾರೆ ಅನ್ನೋದರಿಂದಲೂ ಅಂತ ಅವರು ಹೇಳಿದ್ರು. ಆಮೇಲೆ ಐಜೆನ್ ಅದಕ್ಕೆ ‘ಇದು ನನ್ನ ಕೈಲಿದೆಯಾ’ ಅನ್ನೋ ಮೂರನೇದನ್ನೂ ಸೇರಿಸಿದ. ಇದನ್ನು ಹಳ್ಳಿಯವರಿಗೆ ಹೇಳಿದ್ರೆ ಇಷ್ಟಕ್ಕೆ ಪುಸ್ತಕ ಯಾಕೆ ಬೇಕಿತ್ತು ಅಂತಾರೆ, ಆ ಮಾತು ಬೇರೆ.

ಇನ್ನು 1965ಕ್ಕೆ ಬರೋಣ. ಯೇಲ್ ವಿಶ್ವವಿದ್ಯಾಲಯದಲ್ಲಿ ಹೊವಾರ್ಡ್ ಲೆವೆಂತಾಲ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಧನುರ್ವಾಯು, ಅಂದ್ರೆ ಟೆಟನಸ್, ಬಗ್ಗೆ ಕಿರುಪುಸ್ತಕ ಕೊಟ್ರು. ಕೆಲವರಿಗೆ ಮೈ ನಡುಗಿಸೋ ಪುಸ್ತಕ, ಕೆಲವರಿಗೆ ಸಾದಾ. ಹೆದರಿದವರು ಇಂಜೆಕ್ಷನ್ ತಗೋಬೇಕು ಅಂತ ಹೆಚ್ಚು ಜೋರಾಗಿ ಹೇಳಿದ್ರು. ನಿಜಕ್ಕೂ ಹೋಗಿ ತಗೊಂಡವರು? ನೂರಕ್ಕೆ ಸುಮಾರು ಮೂರು. ಆದ್ರೆ ಇನ್ನೊಂದಷ್ಟು ಜನಕ್ಕೆ ಪುಸ್ತಕದ ಜೊತೆ ಕ್ಯಾಂಪಸ್ಸಿನ ನಕ್ಷೆ ಕೊಟ್ಟಿದ್ರು. ಅದರಲ್ಲಿ ಆರೋಗ್ಯ ಕೇಂದ್ರಕ್ಕೆ ಸುತ್ತು ಹಾಕಿತ್ತು. ನಿಮ್ಮ ವಾರದ ವೇಳಾಪಟ್ಟಿ ನೋಡಿ ಯಾವ ಹೊತ್ತಲ್ಲಿ ಆ ಕಡೆ ಹೋಗಬಹುದು ಅಂತ ಯೋಚಿಸಿ ಅಂತಲೂ ಹೇಳಿದ್ರು. ಅವರಲ್ಲಿ ಹೋದವರು ನೂರಕ್ಕೆ ಸುಮಾರು 28. ಆ ವಿದ್ಯಾರ್ಥಿಗಳಿಗೆ ಆರೋಗ್ಯ ಕೇಂದ್ರ ಎಲ್ಲಿದೆ ಅಂತ ಮೊದಲೇ ಗೊತ್ತಿರಬಹುದು, ಆದ್ರೂ ಈ ವ್ಯತ್ಯಾಸ! ನನ್ನ ಲೆಕ್ಕದಲ್ಲಿ ಈ ಶಾಸ್ತ್ರದ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಉಪಯೋಗಕ್ಕೆ ಬರೋ ಸಂಗತಿ ಇನ್ನೊಂದಿಲ್ಲ.

ವ್ಯಾಯಾಮದ ಮೇಲೇ ಇದನ್ನು ಹಚ್ಚಿ ನೋಡಿದ್ದು 2002ರಲ್ಲಿ, ಬ್ರಿಟನ್ನಿನಲ್ಲಿ. ಸಾರಾ ಮಿಲ್ನ್, ಶೀನಾ ಆರ್ಬೆಲ್, ಪ್ಯಾಸ್ಕಲ್ ಶೀರನ್ ಅನ್ನೋರು 248 ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ ಏನೂ ವಿಶೇಷ ಇಲ್ಲ. ಎರಡನೇ ಗುಂಪಿಗೆ ಹೃದಯರೋಗದ ಅಪಾಯ, ವ್ಯಾಯಾಮದ ಲಾಭ ಎಲ್ಲಾ ಓದಿಸಿದ್ರು. ಮೂರನೇ ಗುಂಪಿಗೆ ಅದರ ಜೊತೆ, ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡ್ತೀರಿ ಅಂತ ಒಂದು ವಾಕ್ಯ ಬರೆಸಿಕೊಂಡ್ರು. ಒಂದು ವಾರ ಬಿಟ್ಟು ನೋಡಿದ್ರೆ, ಕನಿಷ್ಠ ಒಂದು ಸಲ ಇಪ್ಪತ್ತು ನಿಮಿಷ ಮೈ ಬೆವರಿಸಿದವರು ಮೊದಲ ಗುಂಪಲ್ಲಿ ನೂರಕ್ಕೆ 38, ಎರಡನೇದರಲ್ಲಿ 35, ಮೂರನೇದರಲ್ಲಿ 91. ಎರಡನೇ ಗುಂಪನ್ನು ಇನ್ನೊಮ್ಮೆ ನೋಡಿ. ಓದಿದವರಿಗೆ ಮನಸ್ಸು ಬಂದಿತ್ತು. ಕಾಲು ಬರಲಿಲ್ಲ, ಅಷ್ಟೇ.

ಇದು ಒಂದೇ ವಾರದ ಲೆಕ್ಕ ಅನ್ನೋದನ್ನು ಮರೀಬಾರದು, ಅದೂ ಕಾಲೇಜು ಹುಡುಗರದ್ದು. ರೂಢಿ ಬೀಳೋಕೆ ಎಷ್ಟು ದಿನ ಬೇಕು ಅಂತ ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಮೇಲೆ ನೋಡಿದ್ರು, 2010ರ ಸುಮಾರಿಗೆ. ನಡುವಿನ ಲೆಕ್ಕ 66 ದಿನ. ಆದ್ರೆ ಒಬ್ಬರಿಗೆ 18 ದಿನ ಸಾಕಾದ್ರೆ ಇನ್ನೊಬ್ಬರಿಗೆ 254 ದಿನ ಹಿಡಿಯಬಹುದು ಅಂತ ಅಂದಾಜು ಬಂತು. ನೀರು ಕುಡಿಯೋ ರೂಢಿ ಬೇಗ ಬೀಳುತ್ತೆ, ವ್ಯಾಯಾಮದ್ದು ನಿಧಾನ. 21 ದಿನದಲ್ಲಿ ಹೊಸ ಮನುಷ್ಯ ಆಗ್ತೀರಿ ಅನ್ನೋ ವಾಟ್ಸಾಪ್ ಫಾರ್ವರ್ಡ್ ಬಂದ್ರೆ ಡಿಲೀಟ್ ಮಾಡಿ. ಒಂದು ದಿನ ತಪ್ಪಿದ್ರೆ ಎಲ್ಲಾ ಹಾಳಾಯ್ತು ಅನ್ನೋದೂ ಸುಳ್ಳೇ. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ ಅಂತ ಅದೇ ಅಧ್ಯಯನ ಹೇಳುತ್ತೆ.

ಹತ್ತು ಸಾವಿರ ಹೆಜ್ಜೆಯ ಮಾತೂ ಇಲ್ಲೇ ಹೇಳಿಬಿಡ್ತೀನಿ, ನಮ್ಮ ಆಫೀಸುಗಳಲ್ಲಿ ಅದು ವೇದವಾಕ್ಯ ಆಗಿದೆ. ಅದರ ಮೂಲ ಯಾವ ಲ್ಯಾಬೂ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಆದ ಮೇಲೆ ಜಪಾನಿನ ಯಾಮಾಸಾ ಅನ್ನೋ ಕಂಪನಿ 1965ರಲ್ಲಿ ಸೊಂಟಕ್ಕೆ ಕಟ್ಟೋ ಹೆಜ್ಜೆಯೆಣಿಕೆ ಯಂತ್ರ ಮಾರಾಟಕ್ಕೆ ಬಿಟ್ಟಿತು. ಹೆಸರು ‘ಮಾನ್ಪೊ-ಕೇ’, ಅಂದ್ರೆ ಹತ್ತು ಸಾವಿರ ಹೆಜ್ಜೆ ಮೀಟರ್. 2019ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರ ಹೆಜ್ಜೆ ಎಣಿಸಿ ನೋಡಿದಾಗ, ದಿನಕ್ಕೆ 4,400 ಹೆಜ್ಜೆ ನಡೆಯೋರು 2,700 ನಡೆಯೋರಿಗಿಂತ ಎಷ್ಟೋ ಕ್ಷೇಮವಾಗಿದ್ರು, ಸುಮಾರು 7,500 ಆದ ಮೇಲೆ ಲಾಭ ಮತ್ತೆ ಏರಲಿಲ್ಲ. ಆಫೀಸಿನ ಸ್ಟೆಪ್ ಚಾಲೆಂಜಿನಲ್ಲಿ ನಮ್ಮ ಟೀಮಿನ ಒಬ್ಬ ಬ್ಯಾಂಡನ್ನು ತನ್ನ ನಾಲ್ಕು ವರ್ಷದ ಮಗನ ಕೈಗೆ ಕಟ್ಟಿ ಎರಡನೇ ಬಹುಮಾನ ಹೊಡೆದ. ಹೆಜ್ಜೆ ಎಣಿಸಿದ್ರೆ ಹೆಜ್ಜೆ ಸಿಗುತ್ತೆ, ಯಾರದ್ದೋ ಒಬ್ಬರದ್ದು.

ದೊಡ್ಡಪ್ಪನ ವಿಷಯಕ್ಕೆ ಮಿಲ್ನ್ ಅವರ ವಾಕ್ಯವನ್ನು ನಾನು ಹಾಗೇ ಊರಿಗೆ ಕಳಿಸಲಿಲ್ಲ. ಅದನ್ನು ಊರಿನ ಭಾಷೆಗೆ ಇಳಿಸಬೇಕಿತ್ತು. ಅವರ ಹಳೇ ದೋಸ್ತ ಒಬ್ಬರಿದ್ದಾರೆ, ದಿನಾ ಬೆಳಿಗ್ಗೆ ಹೊಳೆ ಕಡೆ ಹೋಗೋರು. ಅವರಿಗೆ ಫೋನ್ ಹಚ್ಚಿ, "ಕಾಕಾ, ಮುಂಜಾನಿ ಚಾ ಕುಡುದ್ ಹೋಗುವಾಗ ನಮ್ಮ್ ದೊಡ್ಡಪ್ಪಗ ಒಂದ್ ದನಿ ಹಾಕ್ರಿ" ಅಂದೆ. ಅಷ್ಟೇ. ಎಲ್ಲಿಗೆ ಅನ್ನೋ ಪ್ರಶ್ನೆಗೆ ಉತ್ತರ ಹೊಳೆ. ಯಾವಾಗ ಅಂದ್ರೆ ಚಹಾ ಆದ ಮೇಲೆ. ಯಾರ ಜೊತೆ ಅಂದ್ರೆ ಬಾಗಿಲಲ್ಲಿ ನಿಂತು ಕೂಗೋರ ಜೊತೆ. ಮೊದಲ ವಾರ ಗುಡಿ ತನಕ ಹೋಗಿ ಕಟ್ಟೆ ಮೇಲೆ ಕೂತು ವಾಪಸ್ಸು. ಆಲ್ಬರ್ಟ್ ಬಂಡೂರಾ ಹಾವಿಗೆ ಹೆದರೋ ಜನರ ಮೇಲೆ ಪ್ರಯೋಗ ಮಾಡಿ 1977ರಲ್ಲಿ ಹೇಳಿದ್ದೂ ಇದನ್ನೇ. ನನ್ನಿಂದಾಗುತ್ತೆ ಅನ್ನೋ ನಂಬಿಕೆ ಬೇರೆಯವರ ಭಾಷಣದಿಂದ ಬರೋದಕ್ಕಿಂತ, ಸಣ್ಣದೊಂದನ್ನು ತಾನೇ ಮಾಡಿ ಮುಗಿಸಿದ್ದರಿಂದ ಹೆಚ್ಚು ಬರುತ್ತೆ. ಹಾವಿನ ಪಂಜರ ಇರೋ ಕೋಣೆಗೆ ಹೋಗೋದು, ಹತ್ತಿರ ನಿಲ್ಲೋದು, ಕೊನೆಗೆ ಮುಟ್ಟೋದು. ಮೂರನೇ ತಿಂಗಳಿಗೆ ಇಬ್ಬರೂ ಹೊಳೆ ಬ್ರಿಜ್ಜಿನ ಈ ತುದಿ ತನಕ ಹೋಗಿ ಬರ್ತಿದ್ರು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬಂದ್. ರಾಯಚೂರಿನ ಬಿಸಿಲಿಗೆ ಯಾವ ಸಿದ್ಧಾಂತವೂ ನಡೆಯೋದಿಲ್ಲ. ಬೆಳಿಗ್ಗೆ ಏಳಕ್ಕೇ ರಸ್ತೆ ಕಾದಿರುತ್ತೆ.

ಆದ್ರೆ ದೊಡ್ಡಪ್ಪನಿಗೆ ಹೊಳೆ ಇದೆ, ದೋಸ್ತ ಇದ್ದಾರೆ. ದೊಡ್ಡಮ್ಮನಿಗೆ?

ಇಲ್ಲಿ ಅಂಕಿ ಸ್ವಲ್ಪ ಕಹಿಯಾಗಿದೆ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಬಂದ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಸಾಕಷ್ಟು ಚಟುವಟಿಕೆ ಇಲ್ಲದವರು 2000ದಲ್ಲಿ ನೂರಕ್ಕೆ 22 ಇದ್ದೋರು 2022ಕ್ಕೆ 49 ಆಗಿದ್ದಾರೆ. ಗಂಡಸರಲ್ಲಿ 42, ಹೆಂಗಸರಲ್ಲಿ 57. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ಕೊಡ ಹೊತ್ತ ಹೆಂಗಸರ ದೇಶ ಇದು! ಒಂದು ಕಡೆ ನಲ್ಲಿ, ಮಿಕ್ಸಿ, ಗ್ಯಾಸ್ ಬಂದು ಮೈಗೆಲಸ ಕಡಿಮೆಯಾಯ್ತು. ಆಗಲೇಬೇಕಿತ್ತು, ಅದಕ್ಕೆ ಯಾರೂ ಮರುಗಬೇಕಿಲ್ಲ. ಇನ್ನೊಂದು ಕಡೆ, ಆ ಜಾಗಕ್ಕೆ ಬರಬೇಕಿದ್ದ ನಡಿಗೆ, ಆಟ, ಗರಡಿ ಯಾವುದೂ ಅವರಿಗೆ ಸಿಗಲಿಲ್ಲ. ‘ಮಂದಿ ಏನಂತಾರ’ ಅನ್ನೋದು ದೊಡ್ಡಪ್ಪನಿಗೆ ಬರೀ ಮುಜುಗರ. ದೊಡ್ಡಮ್ಮನಿಗೆ ಅದು ಗೋಡೆ.

ಮೂವತ್ತು ದಾಟಿದವರ ಬಿಪಿ, ಶುಗರ್ ತಪಾಸಣೆಗೆ ಅಂತ ಆಶಾ ಕಾರ್ಯಕರ್ತೆಯರು ಮನೆಮನೆಗೆ ತರೋ ಒಂದು ಫಾರಂ ಇದೆ. ವಯಸ್ಸು, ತಂಬಾಕು, ಕುಡಿತ, ಸೊಂಟದ ಅಳತೆ, ಮನೆಯಲ್ಲಿ ಯಾರಿಗಾದ್ರೂ ಕಾಯಿಲೆ ಇದೆಯಾ ಅನ್ನೋದಕ್ಕೆಲ್ಲಾ ಅಂಕ ಹಾಕ್ತಾರೆ. ಹೆಂಗಸರ ಸೊಂಟ 80 ಸೆಂಟಿಮೀಟರ್ ದಾಟಿದ್ರೆ ಅಂಕ ಶುರು. ಲಂಡನ್ನಿನ ದರ್ಜಿಯ ಟೇಪು ಹೀಗೆ ನಮ್ಮ ಓಣಿಗೂ ಬಂದಿದೆ. ಒಟ್ಟು ನಾಲ್ಕು ದಾಟಿದ್ರೆ ತಪಾಸಣೆಗೆ ಮೊದಲು ಕಳಿಸ್ತಾರೆ. ಅದರಲ್ಲೇ ಇನ್ನೊಂದು ಪ್ರಶ್ನೆ: ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಮಾಡ್ತೀರಾ?

ನಮ್ಮ ದೊಡ್ಡಮ್ಮನಿಗೆ ಅದನ್ನು ಕೇಳಿದಾಗ ನಾನು ಊರಲ್ಲೇ ಇದ್ದೆ. "ಐವತ್ತ್ ವರ್ಷ ಹೊಲ್ದಾಗ ದುಡದೀನಿ ಯವ್ವಾ, ಅದನ್ನೆಲ್ಲಾ ಕೂಡ್ಸಿ ಬರ್ಕೋ" ಅಂದ್ಲು. ಆ ಹುಡುಗಿ ನಕ್ಕು, "ಹಂಗ್ ಬರ್ಕೊಳಾಕ ಬರಲ್ಲ ಯಮ್ಮಾ, ಈಗಿಂದು ಹೇಳ್ರಿ" ಅಂತ ಇಲ್ಲ ಅನ್ನೋದಕ್ಕೆ ಟಿಕ್ ಹಾಕಿ ಒಂದು ಅಂಕ ಕೊಟ್ಟಳು. ಫಾರಂ ಸರಿಯಾಗೇ ಇತ್ತು. ಮೈಗೆ ಹಳೇ ದುಡಿಮೆಯ ಉಳಿತಾಯ ಖಾತೆ ಇರೋದಿಲ್ಲ. ಆದ್ರೆ ದಿನಾ ಫಾರಂ, ಸ್ಕ್ರೀನು ಮಾಡೋ ಕೆಲಸದವನಾಗಿ ನನಗೆ ಅದರಲ್ಲಿ ಒಂದು ಖಾಲಿ ಗೆರೆ ಕಡಿಮೆ ಅನ್ನಿಸ್ತು. ‘ಇಲ್ಲ’ ಅಂದವರಿಗೆ ಮುಂದಿನ ಪ್ರಶ್ನೆ: ನಾಳೆಯಿಂದ ಯಾವ ಹೊತ್ತಿಗೆ, ಎಲ್ಲಿಗೆ, ಯಾರ ಜೊತೆ? ಮಾತ್ರೆ ಬೇಡ, ಯಂತ್ರ ಬೇಡ, ಒಂದು ಗೆರೆ. ಆಶಾ ಹುಡುಗಿಗೆ ಹೇಳಿದೆ. "ಅಣ್ಣಾ, ಇರೋ ಗೆರಿ ತುಂಬ್ಸೋದ್ರಾಗೇ ಹೊತ್ ಮುಳಗ್ತೈತಿ" ಅಂದಳು. ಅವಳ ಕೆಲಸದ ಹೊರೆ ಗೊತ್ತಿರೋದರಿಂದ ನಾನು ವಾದ ಮಾಡಲಿಲ್ಲ.

ದೊಡ್ಡಮ್ಮ ಆಮೇಲೆ ತನ್ನದೇ ಒಂದು ಗೆರೆ ಹಾಕಿಕೊಂಡಳು. ಓಣಿಯ ಇನ್ನಿಬ್ಬರು ಹೆಂಗಸರನ್ನು ಕೂಡಿಸಿಕೊಂಡು ಕತ್ತಲಿರುವಾಗಲೇ ಎದ್ದು ಸೂಗೂರೇಶ್ವರನ ಗುಡಿಗೆ ಹೋಗಿ ಐದು ಸುತ್ತು ಹಾಕಿ, ಹಿಂದಿನ ದಾರಿಯಲ್ಲಿ ಸುತ್ತಿ ಬರ್ತಾರೆ. ಮೊದಲು ಸೋಮವಾರ ಮಾತ್ರ ಇತ್ತು, ಈಗ ವಾರಕ್ಕೆ ನಾಲ್ಕು ದಿನ ಆಗಿದೆ. ದೇವರಿಗೆ ಹೊಂಟೀವಿ ಅಂದ್ರೆ ಯಾರೂ ಎಲ್ಲಿಗೆ ಅಂತ ಕೇಳೋದಿಲ್ಲ. ಮಳೆಗಾಲದಲ್ಲಿ ಹಿಂದಿನ ದಾರಿ ಕೆಸರು, ಆಗ ಬರೀ ಸುತ್ತು. ಆಶಾ ಹುಡುಗಿ ಮುಂದಿನ ಸಲ ಫಾರಂ ತಂದಾಗ ಇದು 150 ನಿಮಿಷಕ್ಕೆ ಕೂಡುತ್ತೋ ಇಲ್ಲವೋ ಅಂತ ಇಬ್ಬರೂ ಬೆರಳು ಮಡಿಸಿ ಎಣಿಸಿದ್ರಂತೆ. ಹತ್ತು ನಿಮಿಷ ಕಡಿಮೆ ಬಂತಂತೆ.